ಮೊದಲ ಕನ್ನಡ ಕಾದಂಬರಿ ಯಾವುದಿರಲಿ? ಆರು ತಿಂಗಳು, ಆರು ಜೋಡಿ

ನಮ್ಮಕ್ಕನ ಮಗಳು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಕನ್ನಡದ ಅಕ್ಷರ ಕಲಿಸಿದ್ದು ನಮ್ಮಮ್ಮ. ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು ಬರೆಸಿದ್ದು. ಈಗ ಅವಳಿಗೆ 22. ಡಿಸೆಂಬರಿನಲ್ಲಿ ಒಂದು ರಾತ್ರಿ ಫೋನ್ ಮಾಡಿ, "ಚಿಕ್ಕಿ, ನಾನೊಂದು ಕನ್ನಡ ಕಾದಂಬರಿ ಪೂರ್ತಿ ಓದ್ಬೇಕು. ಯಾವ್ದು ಅಂತ ನೀನೇ ಹೇಳು" ಅಂದಳು.

ನನಗೆ ತಟ್ಟನೆ ಹೇಳಲು ಆಗಲಿಲ್ಲ. ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ಆದರೂ ಬಾಯಿ ಕಟ್ಟಿತು. ನನಗೆ ಇಷ್ಟವಾದ ಪುಸ್ತಕದ ಹೆಸರು ಹೇಳುವುದು ಸುಲಭ. ನಿಧಾನಕ್ಕೆ ಅಕ್ಷರ ಕೂಡಿಸಿ ಓದುವವಳಿಗೆ ಮೊದಲು ಯಾವುದನ್ನು ಕೊಡಬೇಕು ಅನ್ನುವುದು ಬೇರೆಯೇ ಪ್ರಶ್ನೆ. ತಪ್ಪು ಪುಸ್ತಕ ಕೊಟ್ಟರೆ ಅವಳು ಮತ್ತೆ ಕೇಳುವುದೇ ಇಲ್ಲವೇನೋ ಅಂತ ಹೆದರಿಕೆಯಾಯಿತು.

ಅದಕ್ಕೇ ಹೀಗೆ ಮಾಡಿದೆವು. ತಿಂಗಳಿಗೆ ಎರಡು ಪುಸ್ತಕ. ಎರಡಕ್ಕೂ ಏನಾದರೂ ನಂಟಿರಬೇಕು: ಒಂದೇ ವರ್ಷದವು, ಒಬ್ಬರೇ ಬರೆದವು, ಒಂದೇ ನೆಲದವು, ಹೀಗೆ. ಮೊದಲು ನಾನು ಎರಡನ್ನೂ ಮತ್ತೆ ಓದುವುದು. ಅವಳು ಎರಡರಲ್ಲೂ 30 ಪುಟ ಓದಿ, ಮನಸ್ಸು ಎಳೆದದ್ದನ್ನು ಮುಂದುವರಿಸುವುದು. ಭಾನುವಾರ ಸಂಜೆ ಫೋನಿನಲ್ಲಿ ಮಾತು. ಒಂದು ನೋಟ್‌ಬುಕ್ಕಿನಲ್ಲಿ ನಾನು ಮೂರು ವಿಷಯ ಬರೆದುಕೊಳ್ಳುತ್ತಿದ್ದೆ. ಎಲ್ಲಿ ನಿಂತಳು, ಯಾವ ಪದದ ಅರ್ಥ ಕೇಳಿದಳು, ನಾನು ಕೇಳದೆಯೇ ಏನು ಹೇಳಿದಳು. ಈ ಮೂರನೆಯದನ್ನೇ ನಾನು ಹೆಚ್ಚು ನಂಬಿದೆ.

ಜನವರಿ: ಸಂಸ್ಕಾರ, ವಂಶವೃಕ್ಷ

ಎರಡೂ ಬಂದದ್ದು 1965ರಲ್ಲಿ. ಒಂದು ಅನಂತಮೂರ್ತಿಯವರದು, ಇನ್ನೊಂದು ಭೈರಪ್ಪನವರದು. ಎರಡರಲ್ಲೂ ಶಾಸ್ತ್ರ ಓದಿಕೊಂಡ, ಊರೆಲ್ಲ ಕೈಮುಗಿಯುವ ಒಬ್ಬ ಹಿರಿಯನಿದ್ದಾನೆ. ಇಬ್ಬರಿಗೂ ತಾವು ನಿಂತ ನೆಲವೇ ಅಲುಗಾಡುತ್ತದೆ. ಒಂದೇ ವರ್ಷ ಒಂದೇ ಭಾಷೆಯಲ್ಲಿ ಇವೆರಡೂ ಬಂದವಲ್ಲ ಅಂತ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

"ಸಂಸ್ಕಾರ ಸಣ್ಣದು, ಅದನ್ನೇ ಕೊಡು" ಅಂತ ಎಲ್ಲರೂ ಹೇಳುತ್ತಾರೆ. ಶುರುವಂತೂ ಹಿಡಿದೇ ಹಿಡಿಯುತ್ತದೆ. ದೂರ್ವಾಸಪುರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತಲು ಯಾರೂ ಮುಂದೆ ಬರುತ್ತಿಲ್ಲ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಅವನ ಜೊತೆಗಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಇಡುತ್ತಾಳೆ, ಅದನ್ನು ಕಂಡದ್ದೇ ತಡ ಒಬ್ಬೊಬ್ಬರ ಮನಸ್ಸೂ ತಿರುಗುತ್ತದೆ. ಅಲ್ಲಿಯವರೆಗೆ ಹುಡುಗಿ ಒಂದೇ ಉಸಿರಿಗೆ ಓದಿದಳು. ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ನಡೆಯತೊಡಗಿದ ಮೇಲೆ ನಿಧಾನವಾದಳು. "ಅವ್ರು ಯೋಚ್ನೆ ಮಾಡ್ತಾನೇ ಇದಾರೆ ಚಿಕ್ಕಿ" ಅಂದಳು. ನನಗೆ ಆ ಭಾಗವೇ ಪ್ರಾಣ. ಬೆನ್ನು ಬಿಡದ ಪುಟ್ಟ, ಜಾತ್ರೆಯ ಗದ್ದಲ, ಯಾರಾದರೂ ಗುರುತು ಹಿಡಿದುಬಿಟ್ಟರೆ ಅನ್ನುವ ದಿಗಿಲು. ಆದರೆ ನನಗೂ 22ರಲ್ಲಿ ಅದು ಹಿಡಿಸಿರಲಿಲ್ಲ. ನಮ್ಮ ಜೀವನದಲ್ಲೂ ಒಂದು ಸಲ ಎಲ್ಲವೂ ಬುಡಮೇಲಾದ ಮೇಲೆ ಓದಿದರೆ ಆ ನಡಿಗೆ ಅರ್ಥವಾಗುತ್ತದೆ.

ವಂಶವೃಕ್ಷ ದಪ್ಪ. ಆದರೆ ಅದೇ ಓಡಿತು. ಭಾಷೆ ತಿಳಿಯಾಗಿದೆ, ಪ್ರತಿ ಅಧ್ಯಾಯದಲ್ಲೂ ಏನೋ ಆಗುತ್ತದೆ. ಗಂಡ ಕಪಿಲೆಯಲ್ಲಿ ತೀರಿಕೊಂಡ ಮೇಲೆ ಕಾತ್ಯಾಯನಿ ನಂಜನಗೂಡಿನಿಂದ ಮೈಸೂರಿಗೆ ಕಾಲೇಜಿಗೆ ಹೋಗುತ್ತಾಳಲ್ಲ, ಅಲ್ಲಿಂದ ಹುಡುಗಿ ಪುಸ್ತಕ ಕೆಳಗಿಡಲಿಲ್ಲ. ತಿಂಗಳಿಡೀ ಕಾತ್ಯಾಯನಿಯ ಮಾವ ಶ್ರೀನಿವಾಸ ಶ್ರೋತ್ರಿಗಳ ಜೊತೆ ಜಗಳ ಆಡಿದಳು. ಕೊನೆಯಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ವಿಷಯ ಗೊತ್ತಾದಾಗ ಅದೇ ಶ್ರೋತ್ರಿಗಳಿಗಾಗಿ ಮರುಗಿದಳು.

ನಾನು ಮೊದಲು ಓದಿದಾಗ ಕಾತ್ಯಾಯನಿಯ ಪಕ್ಷ. ಈ ಸಲ ನನ್ನ ಕಣ್ಣು ನಾಗಲಕ್ಷ್ಮಿಯನ್ನು ಬಿಟ್ಟು ಕದಲಲಿಲ್ಲ. ಗಂಡ ಇತಿಹಾಸದ ಸಂಪುಟದ ಮೇಲೆ ಸಂಪುಟ ಬರೆಯುತ್ತಾನೆ. ಆ ಕೆಲಸಕ್ಕೆ ಜೊತೆಯಾಗಲೆಂದು ಓದಿದ ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಇವಳು ಅಡುಗೆಮನೆಯಲ್ಲಿ ಉಳಿಯುತ್ತಾಳೆ. ಕತೆ ಮುಂದೆ ಹೋದರೂ ನಾನು ಅವಳ ಹತ್ತಿರವೇ ಇದ್ದೆ.

ಕತೆಯ ಸೆಳೆತಕ್ಕೆ ವಂಶವೃಕ್ಷ, ವಾಕ್ಯದ ಕಸುವಿಗೆ ಸಂಸ್ಕಾರ. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಿದೆ: "ಯಾರದ್ದು ಸರಿ ಅಂತ ಐದು ಸಲ ಕೇಳಿದಳು. ಒಂದು ವಾಕ್ಯವನ್ನೂ ಓದಿ ಹೇಳಲಿಲ್ಲ."

ಫೆಬ್ರವರಿ: ಚೋಮನ ದುಡಿ, ಮರಳಿ ಮಣ್ಣಿಗೆ

ಎರಡೂ ಕಾರಂತರವು. 1933ರ ಚೋಮನ ದುಡಿ ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಚೋಮನಿಗೆ ಇರುವುದು ಒಂದೇ ಆಸೆ, ತಾನೂ ಒಂದು ತುಂಡು ನೆಲ ಉಳಬೇಕು. ಎತ್ತುಗಳಿವೆ, ತೋಳಿನಲ್ಲಿ ಬಲ ಇದೆ, ನೆಲ ಮಾತ್ರ ಇಲ್ಲ. ಅವನ ಜಾತಿಯವರು ಬೇಸಾಯ ಮಾಡುವುದನ್ನು ಊರು ಒಪ್ಪುವುದಿಲ್ಲ. ದುಃಖ ಬಂದಾಗಲೂ ದುಡಿ ಬಡಿಯುತ್ತಾನೆ, ಸಿಟ್ಟು ಬಂದಾಗಲೂ ದುಡಿ ಬಡಿಯುತ್ತಾನೆ. ಹುಡುಗಿ ಎರಡು ದಿನದಲ್ಲಿ ಮುಗಿಸಿದಳು, ಆಮೇಲೆ ಮೂರು ದಿನ ನನಗೆ ಫೋನ್ ಮಾಡಲಿಲ್ಲ. ಮಾಡಿದಾಗ ಚೋಮನ ಮಗಳು ಬೆಳ್ಳಿಯ ವಿಷಯ ಮಾತ್ರ ಮಾತಾಡಿದಳು.

ಮರಳಿ ಮಣ್ಣಿಗೆ ಮೂರು ತಲೆಮಾರಿನ ಕತೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಕೋಡಿ ಅನ್ನುವ ಊರು. ರಾಮ ಐತಾಳರ ಮನೆಯಲ್ಲಿ ಪಾರೋತಿ, ಸರಸೋತಿ ಇಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. ಪುಸ್ತಕದ ಅರ್ಧ ಅವರ ದುಡಿಮೆಯೇ. ನನಗೆ ಅದು ಒಂದು ಪುಟವೂ ಬೇಸರ ತರಲಿಲ್ಲ. ಅವಳಿಗೆ ತಂದಿತು. 90ನೇ ಪುಟದಲ್ಲಿ ನಿಂತಳು. "ಏನೂ ಆಗ್ತಾ ಇಲ್ಲ" ಅಂದಳು. ನಾಗವೇಣಿ ಬರುವ ತನಕ ತಾಳ್ಕೋ, ಅವಳು ಪಿಟೀಲು ಹಿಡಿಯುವ ಜಾಗ ಬರಲಿ ಅಂತ ಹೇಳಿ ನೋಡಿದೆ. ಆಗಲಿಲ್ಲ. ಒತ್ತಾಯ ಮಾಡಲು ನನಗೂ ಮನಸ್ಸು ಬರಲಿಲ್ಲ. ಇವೆರಡರಲ್ಲಿ ನನ್ನ ಪುಸ್ತಕ ಯಾವುದು ಅಂದರೆ ಮರಳಿ ಮಣ್ಣಿಗೆಯೇ, ಅದರಲ್ಲಿ ಎರಡು ಮಾತಿಲ್ಲ. ಮೊದಲು ಕೊಡಬೇಕಾದದ್ದು ಚೋಮನ ದುಡಿ.

ಮಾರ್ಚ್: ಕರ್ವಾಲೊ, ಜುಗಾರಿ ಕ್ರಾಸ್

ತೇಜಸ್ವಿಯವರ ಎರಡು. ನಾನು ಜುಗಾರಿ ಕ್ರಾಸ್ ಗೆಲ್ಲುತ್ತದೆ ಅಂದುಕೊಂಡಿದ್ದೆ. ಅದು ಪತ್ತೇದಾರಿ ಓಟದ ಪುಸ್ತಕ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ, ಹಿಂದೆ ಬಿದ್ದ ಕಳ್ಳಕಾಕರು, ಒಂದು ಹಳೆಯ ಬರಹದೊಳಗೆ ಬಚ್ಚಿಟ್ಟ ದಾರಿ. ಎಲ್ಲವೂ ಒಂದು ದಿನದ ಆಸುಪಾಸಿನಲ್ಲಿ ನಡೆದುಹೋಗುತ್ತದೆ. ಕಾಡು ಬರಿದಾಗುತ್ತಿರುವುದು, ದುಡ್ಡಿನ ಜಾಲ, ರೈತನ ಒದ್ದಾಟ ಎಲ್ಲವೂ ಆ ಓಟದ ಜೊತೆಗೇ ಬರುತ್ತವೆ.

ಅವಳು ಅದನ್ನು ಓದಿದಳು, ಇಷ್ಟವೂ ಆಯಿತು. ಆದರೆ ಆ ತಿಂಗಳ ಎರಡನೇ ಭಾನುವಾರ ಫೋನ್ ಎತ್ತಿದ ಕೂಡಲೇ "ಚಿಕ್ಕಿ, ಕೇಳು" ಅಂತ ಕರ್ವಾಲೊದಿಂದ ಒಂದು ಇಡೀ ಪುಟ ಓದಿದಳು. ಮಂದಣ್ಣ ಜೇನು ಹಿಡಿಯುವ ಮಾತಿನದು. ತಡವರಿಸುತ್ತಾ, ಒತ್ತಕ್ಷರದಲ್ಲಿ ಎಡವುತ್ತಾ, ಮಧ್ಯೆ ಮಧ್ಯೆ ತಾನೇ ನಗುತ್ತಾ ಓದಿದಳು. ಜನವರಿಯಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ. ಕತೆ ಏನಾಯಿತು ಅಂತ ಹೇಳುವುದು ಬಿಟ್ಟು, ಬರೆದದ್ದನ್ನೇ ಇನ್ನೊಬ್ಬರಿಗೆ ಕೇಳಿಸಬೇಕು ಅನ್ನಿಸಿತಲ್ಲ ಅವಳಿಗೆ.

ಯಾಕೆ ಕರ್ವಾಲೊ ಹಾಗೆ ಹಿಡಿಯಿತು ಅಂತ ಆಮೇಲೆ ಬಹಳ ಯೋಚಿಸಿದೆ. ಅದರಲ್ಲಿ ಮಾತಾಡುವವರು ಜಾಸ್ತಿ. ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಎಲ್ಲರಿಗೂ ಅವರವರದೇ ಬಾಯಿ. ಕಿವಿ ಅನ್ನುವ ನಾಯಿಗೂ ಒಂದು ವ್ಯಕ್ತಿತ್ವ ಇದೆ. ಮಾತು ನಮ್ಮ ಮನೆಯ ಜಗಲಿಯಲ್ಲಿ ಕೇಳುವ ಥರದ್ದೇ. ಅವಳು ಪುಣೆಯಲ್ಲಿ ಬೆಳೆದಿರಬಹುದು, ಕಿವಿಗೆ ಬಿದ್ದ ಕನ್ನಡ ಇದೇ. ಇನ್ನೊಂದು ಕಾರಣ, ಅದರಲ್ಲಿ ದೊಡ್ಡ ವಿಷಯ ಸಣ್ಣ ವಿಷಯ ಅಂತ ಬೇರೆ ಬೇರೆ ಇಲ್ಲ. ಮೂಡಿಗೆರೆ ಕಡೆಯ ಜೇನುಪೆಟ್ಟಿಗೆ, ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಇವುಗಳ ನಡುವೆಯೇ ಹಾರುವ ಓತಿಯೂ ಬರುತ್ತದೆ, ಕೋಟ್ಯಂತರ ವರ್ಷಗಳ ಜೀವವಿಕಾಸವೂ ಬರುತ್ತದೆ. ಊರಿನವರು ಉಡಾಳ ಅನ್ನುವ ಹುಡುಗನಲ್ಲಿ ಕರ್ವಾಲೊ ಒಬ್ಬ ಹುಟ್ಟು ವಿಜ್ಞಾನಿಯನ್ನು ಕಾಣುತ್ತಾರೆ. ಆ ಗೌರವ ಓದುವವರಿಗೂ ಅಂಟಿಕೊಳ್ಳುತ್ತದೆ.

ಕೊನೆಯಲ್ಲಿ ಆ ಓತಿ ಕಣಿವೆಯ ಕಡೆಗೆ ತೇಲಿ ಹೋಗುತ್ತದಲ್ಲ, ಅದನ್ನು ಓದಿ ಮುಗಿಸಿದ ರಾತ್ರಿ ಅವಳು ಒಂದು ಮೆಸೇಜ್ ಕಳಿಸಿದಳು. "ಸಿಗ್ಲಿಲ್ಲ. ಆದ್ರೆ ನೋಡಿದ್ರು." ಅಷ್ಟೇ. 1980ರ ಪುಸ್ತಕ, ಇವಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನದು. ನನಗೆ ಕಣ್ಣು ತುಂಬಿ ಬಂತು.

ಯಾರಾದರೂ ಈಗ ನನ್ನನ್ನು ಮೊದಲ ಕಾದಂಬರಿ ಯಾವುದು ಅಂತ ಕೇಳಿದರೆ ಯೋಚಿಸುವುದಿಲ್ಲ. ಕರ್ವಾಲೊ.

ಏಪ್ರಿಲ್: ಒಡಲಾಳ, ಕುಸುಮಬಾಲೆ

ಈ ಜೋಡಿಯನ್ನು ಹೊಸಬರಿಗೆ ಕೊಡಬೇಡ ಅಂತ ನನಗೆ ಇಬ್ಬರು ಹೇಳಿದ್ದರು. ದೇವನೂರ ಮಹಾದೇವ ಅವರ ಕನ್ನಡ ನಂಜನಗೂಡು ಸೀಮೆಯ ಆಡುಮಾತು. ನಮ್ಮ ಮಲೆನಾಡಿನ ಕಿವಿಗೂ ಅದು ಹೊಸದು. ಪುಣೆಯ ಹುಡುಗಿಗೆ ಇನ್ನೆಷ್ಟು ಹೊಸದು ಅಲ್ವಾ? ನಾನೂ ಅಳುಕುತ್ತಲೇ ಕಳಿಸಿದೆ.

ಮೊದಲ ಭಾನುವಾರ ಅವಳು ಹೇಳಿದ್ದು, "ಅಕ್ಷರ ಗೊತ್ತಾಗುತ್ತೆ, ಪದ ಗೊತ್ತಾಗಲ್ಲ." ಆಗ ನಾನು, ಕಣ್ಣಲ್ಲಿ ಓದಬೇಡ, ಬಾಯಿ ಬಿಟ್ಟು ಓದು ಅಂದೆ. ಫೋನಿನಲ್ಲೇ ಇಬ್ಬರೂ ಶುರು ಮಾಡಿದೆವು. ಒಡಲಾಳದ ಸಾಕವ್ವ ಕಾಣೆಯಾದ ತನ್ನ ಹುಂಜ ಹುಡುಕುತ್ತಾ ಬೈಯುವ ಭಾಗ. ಪುಟದ ಮೇಲೆ ಕಗ್ಗದಂತೆ ಕಂಡದ್ದು ನಾಲಿಗೆಗೆ ಬಂದ ಕೂಡಲೇ ಬಿಡಿಸಿಕೊಂಡಿತು. ಅರ್ಧ ಗಂಟೆಯ ನಂತರ ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ಕಾರಣ ಇಷ್ಟೇ. ಬರವಣಿಗೆಯ ಕನ್ನಡ ಹೀಗೇ ಇರಬೇಕು ಅನ್ನುವ ಅಭ್ಯಾಸ ನನಗಿದೆ. ಅವಳಿಗೆ ಅದಿಲ್ಲ. ಅವಳಿಗೆ ಎಲ್ಲ ಕನ್ನಡವೂ ಕೇಳಿ ತಿಳಿಯುವ ಕನ್ನಡವೇ.

ಒಡಲಾಳದಲ್ಲಿ ಒಂದು ರಾತ್ರಿ ಇದೆ. ಎತ್ತಪ್ಪನ ಉಗ್ರಾಣದಿಂದ ಬಂದ ಕಡಲೆಕಾಯಿಯನ್ನು ಇಡೀ ಮನೆ ಬೆಂಕಿಯ ಸುತ್ತ ಕೂತು ತಿನ್ನುತ್ತದೆ. ಸುಲಿಯುವುದು, ತಿನ್ನುವುದು, ಸಿಪ್ಪೆ ಬೆಂಕಿಗೆ ಹಾಕುವುದು. ಹಸಿದವರ ಮನೆಗೆ ಬಂದ ಹಬ್ಬ ಅದು. ಬೆಳಗಾದರೆ ಪೊಲೀಸರು. ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲು. ಎಲ್ಲೂ ಅಯ್ಯೋ ಪಾಪ ಅನ್ನುವ ದನಿ ಇಲ್ಲ. ಓದುತ್ತಾ ಓದುತ್ತಾ ನಾವೂ ಆ ಬೆಂಕಿಯ ಪಕ್ಕ ಕೂತಿರುತ್ತೇವೆ, ಆ ಕಡಲೆಕಾಯಿಯ ಬಿಸಿ ಅಂಗೈಗೆ ತಾಗುತ್ತದೆ. ನಾನು ಇದನ್ನು ನಾಲ್ಕನೇ ಸಲ ಓದಿದ್ದು. ಪ್ರತಿ ಸಲವೂ ಆ ರಾತ್ರಿ ಬೇಗ ಮುಗಿಯದಿರಲಿ ಅನ್ನಿಸುತ್ತದೆ.

ಕುಸುಮಬಾಲೆ ಇನ್ನೂ ಬಿಗಿ. ದೀಪ ಆರಿದ ಮೇಲೆ ಆ ದೀಪಗಳ ಜೀವವಾದ ಜೋತಮ್ಮಂದಿರು ಒಂದೆಡೆ ಸೇರಿ ಅವರವರ ಮನೆಯ ಸುದ್ದಿ ಹೇಳಿಕೊಳ್ಳುವ ಕಡೆ ಹುಡುಗಿ ತುಂಬಾ ಹೊತ್ತು ನಿಂತಳು. ಪುಣೆಯ ರೂಮಿನಲ್ಲಿ ಲೈಟ್ ಆರಿಸುವಾಗಲೆಲ್ಲ ಈಗ ಅದೇ ನೆನಪಾಗುತ್ತದಂತೆ. ಆದರೆ ಯಾರು ಯಾರಿಗೆ ಏನಾಗಬೇಕು, ಯಾವುದು ಮೊದಲು ನಡೆದದ್ದು, ಯಾವುದು ಆಮೇಲೆ, ಈ ಗಂಟು ಬಿಡಿಸಲು ಆಗಲಿಲ್ಲ. ನನಗೂ ಮೊದಲ ಓದಿಗೆ ಆಗಿರಲಿಲ್ಲ. 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅಂತ ಗೌರವಕ್ಕೆ ಕೊಂಡು, ಅರ್ಧಕ್ಕೆ ಬಿಟ್ಟು, ಹತ್ತು ವರ್ಷದ ಮೇಲೆ ಮತ್ತೆ ಎತ್ತಿಕೊಂಡವಳು ನಾನು. ಅದನ್ನು ಕಾದಂಬರಿ ಅಂತ ಓದಲು ಹೋದರೆ ಕಷ್ಟ. ಹಾಡು ಕೇಳಿದ ಹಾಗೆ ಕೇಳಬೇಕು.

ಹಾಗಾಗಿ ಕರ್ವಾಲೊ ಆದ ಮೇಲೆ ಒಡಲಾಳ. ಗಟ್ಟಿಯಾಗಿ ಓದಬೇಕು, ಒಬ್ಬರಾದರೂ ಕೇಳುವವರು ಇರಬೇಕು. ಕುಸುಮಬಾಲೆಗೆ ಅವಸರವಿಲ್ಲ.

ಮೇ: ಶರಪಂಜರ, ಎದೆಯ ಹಣತೆ

ನಾಲ್ಕು ತಿಂಗಳಾದ ಮೇಲೆ ಅವಳೇ ಕೇಳಿದಳು, "ಹೆಂಗಸರು ಬರ್ದಿಲ್ವಾ ಚಿಕ್ಕಿ?" ನನಗೆ ನಾಚಿಕೆಯಾಯಿತು. ನಮ್ಮಮ್ಮ ಓದು ಕಲಿತದ್ದೇ ತ್ರಿವೇಣಿಯವರ ಕಾದಂಬರಿಗಳಿಂದ. ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು, ಮಧ್ಯಾಹ್ನ ಎಲ್ಲರ ಊಟ ಆದ ಮೇಲೆ ಓದುತ್ತಿದ್ದರು. ಆ ಮನೆಯಲ್ಲಿ ಬೆಳೆದ ನಾನು ಪಟ್ಟಿ ಮಾಡುವಾಗ ಅವರನ್ನು ಮರೆತಿದ್ದೆ.

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ತೀರಿಕೊಂಡಾಗ 35 ವರ್ಷವೂ ತುಂಬಿರಲಿಲ್ಲ. ಶರಪಂಜರದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರ ಕಣ್ಣು ಮಾತ್ರ ಬದಲಾಗುವುದಿಲ್ಲ. ಸಿಟ್ಟು ಮಾಡಿದರೆ ಹುಚ್ಚು, ನಕ್ಕರೆ ಹುಚ್ಚು, ಸುಮ್ನೆ ಕೂತರೂ ಹುಚ್ಚು. ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಕತೆ ಎಲ್ಲರಿಗೂ ಗೊತ್ತು. ಪುಸ್ತಕ ಅದಕ್ಕಿಂತ ಮೆಲುದನಿಯದು, ಹಾಗಾಗಿ ಹೆಚ್ಚು ಚುಚ್ಚುತ್ತದೆ. ಭಾಷೆಯಂತೂ ನೀರು ಕುಡಿದಷ್ಟು ಸಲೀಸು. ಆರು ತಿಂಗಳಲ್ಲಿ ಅವಳು ಒಂದು ಪದದ ಅರ್ಥವನ್ನೂ ಕೇಳದೆ ಮುಗಿಸಿದ್ದು ಇದೊಂದೇ.

ಬಾನು ಮುಷ್ತಾಕ್ ಅವರ ಕತೆಗಳನ್ನು ಅವಳು ಆಗಲೇ ಇಂಗ್ಲಿಷಿನಲ್ಲಿ ಓದಿದ್ದಳು. ದೀಪಾ ಭಾಸ್ತಿಯವರ ಅನುವಾದಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಅವಳ ಪುಣೆಯ ಗೆಳತಿಯರೆಲ್ಲ ಕೊಂಡಿದ್ದರಂತೆ. ಕನ್ನಡಕ್ಕೆ ಸಿಕ್ಕ ಮೊದಲ ಬುಕರ್ ಅದು. ಅದಕ್ಕೇ ನಾನು ಎದೆಯ ಹಣತೆ ಕತೆಯನ್ನು ಕನ್ನಡದಲ್ಲಿ ಓದು ಅಂದೆ. ಗಂಡನಿಗೆ ಬೇಡವಾದ ಮೆಹರುನ್, ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ವಾಪಸ್ ತಂದು ಬಿಡುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳ ಕಾಲಿಗೆ ದೊಡ್ಡ ಮಗಳು ಸಲ್ಮಾ ಬಂದು ಬೀಳುತ್ತಾಳೆ.

"ಕತೆ ಗೊತ್ತಿತ್ತು, ಆದ್ರೂ ಕೈ ನಡುಗ್ತು" ಅಂದಳು. ಇಂಗ್ಲಿಷಿನಲ್ಲಿ ಓದಿದಾಗ ಮೆಹರುನ್ ಎಲ್ಲೋ ಇರುವವಳು. ಕನ್ನಡದಲ್ಲಿ ಅಮ್ಮಂದಿರು, ಅಣ್ಣಂದಿರು ಆಡುವ ಮಾತು ನಮ್ಮ ಮನೆಗಳಲ್ಲೂ ಕೇಳಿದ ಮಾತೇ ಆಗಿಬಿಡುತ್ತದೆ. ತವರಿಗೆ ಬಂದ ಮಗಳನ್ನು "ಹೊಂದಿಕೊಂಡು ಹೋಗು" ಅಂತ ಬಸ್ಸು ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ.

ಇವೆರಡರಲ್ಲಿ ಯಾವುದು ಮೊದಲು ಅಂತ ಹೇಳುವುದು ನನಗೆ ಕಷ್ಟ. ಓದಲು ಸುಲಭ ತ್ರಿವೇಣಿ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವರಿಗೆ ಬಾನು ಅವರ ಕತೆಗಳು ಒಳ್ಳೆಯ ಸೇತುವೆ. ಒಂದು ಸಂಜೆಗೆ ಒಂದು ಕತೆ ಮುಗಿಯುತ್ತದೆ, ಗುರುತಿನ ಕತೆಯಾದ್ದರಿಂದ ಧೈರ್ಯವೂ ಇರುತ್ತದೆ.

ಜೂನ್: ಕಾನೂರು ಹೆಗ್ಗಡಿತಿ, ಮಲೆಗಳಲ್ಲಿ ಮದುಮಗಳು

ಜೂನಿನಲ್ಲಿ ಅವಳು ಊರಿಗೇ ಬಂದಳು. ಮಳೆ ಹಿಡಿದಿತ್ತು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕುಪ್ಪಳಿಗೆ ಹೋಗಿ ಕುವೆಂಪು ಅವರ ಕವಿಮನೆ ನೋಡಿದೆವು. ಕವಿಶೈಲದಲ್ಲಿ ಮಂಜು ಮುಚ್ಚಿ ಎದುರಿಗಿದ್ದ ಕಲ್ಲೂ ಕಾಣುತ್ತಿರಲಿಲ್ಲ. ವಾಪಸ್ ಬಂದು ಒದ್ದೆ ಬಟ್ಟೆ ಬದಲಿಸಿ, ಜಗಲಿಯಲ್ಲಿ ಕೂತು ಎರಡೂ ಪುಸ್ತಕ ಮುಂದಿಟ್ಟುಕೊಂಡೆವು.

ಕುವೆಂಪು ಅವರ ಇವೆರಡು ಕಾದಂಬರಿಗಳ ನಡುವೆ ಮೂವತ್ತು ವರ್ಷದ ಅಂತರ ಇದೆ. ಕಾನೂರು 1930ರ ದಶಕದ್ದು, ಮದುಮಗಳು 1967ರದ್ದು. ಕಾನೂರಿನಲ್ಲಿ ದಾರಿ ತಪ್ಪುವ ಭಯವಿಲ್ಲ. ಚಂದ್ರಯ್ಯಗೌಡರ ದರ್ಪ, ಸುಬ್ಬಮ್ಮನ ಪಾಡು, ಹೂವಯ್ಯ ಮತ್ತು ಸೀತೆಯ ಒಲವು, ಇವೇ ಹೆದ್ದಾರಿ. ಓದುವವರ ಕೈ ಹಿಡಿದು ನಡೆಸಲು ಹೂವಯ್ಯ ಇದ್ದಾನೆ. ಅವನು ಓದಿದವನು, ಯೋಚಿಸುವವನು. ನನಗೆ ಈ ಸಲ ಅಡ್ಡ ಬಂದದ್ದೂ ಅವನೇ. ಅವನು ಮಾತಿಗೆ ನಿಂತಾಗ ಕಾಡು ಹಿಂದೆ ಸರಿಯುತ್ತದೆ. ಸುಬ್ಬಮ್ಮ ಬಂದಾಗ ಪುಟಕ್ಕೆ ಜೀವ ಬರುತ್ತದೆ.

ಮದುಮಗಳಲ್ಲಿ ಕೈ ಹಿಡಿಯುವವರು ಯಾರೂ ಇಲ್ಲ. 700 ಪುಟ ದಾಟುವ ಪುಸ್ತಕದಲ್ಲಿ ನಾಯಕ ಯಾರು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ. ಜೊತೆಗೆ ಗುತ್ತಿಯ ನಾಯಿ ಹುಲಿಯ. ಜಿಗಣೆಗೂ ಇಂಬಳಕ್ಕೂ ಅದರಲ್ಲಿ ಜಾಗ ಇದೆ. ಜೀತದಾಳಿನ ಮೈಮೇಲಿನ ಕಂಬಳಿಗೆ ಸಿಕ್ಕ ಗಮನವೇ ಹೆಗ್ಗಡೆಯ ಜರಿಪೇಟಕ್ಕೂ ಸಿಗುತ್ತದೆ. ಮೊದಲ ನೂರು ಪುಟ ಯಾರು ಯಾರು ಅಂತ ತಿಳಿಯದೆ ನಾನೂ ಒಂದು ಕಾಲದಲ್ಲಿ ಒದ್ದಾಡಿದ್ದೆ. ಹುಡುಗಿಯೂ ಒದ್ದಾಡಿದಳು.

ಅವಳನ್ನು ದಾಟಿಸಿದ್ದು ನಾನಲ್ಲ, ನಮ್ಮಮ್ಮ. ಅಮ್ಮನಿಗೆ ಈಗ ಕಣ್ಣು ಮಂಜು, ತಾವೇ ಓದಲು ಆಗುವುದಿಲ್ಲ. ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದರೆ, ಎಲೆಗೆ ಸುಣ್ಣ ಹಚ್ಚುತ್ತಾ ಕೇಳುತ್ತಾರೆ. ಕಂಬಳಿಕೊಪ್ಪೆ ಅನ್ನುವ ಕಡೆ ಅವಳು ನಿಂತಳು. ಅಮ್ಮ ಎದ್ದು ಒಳಗೆ ಹೋದರು. ಅಟ್ಟದ ಕೆಳಗಿನ ಗಳುವಿನಿಂದ ಹಳೆಯ ಕರಿಕಂಬಳಿ ತೆಗೆದರು. ಒಂದು ಮೂಲೆ ಮಡಚಿ, ಕೊಪ್ಪೆ ಮಾಡಿ ಅವಳ ತಲೆಯ ಮೇಲೆ ಹಾಕಿದರು. "ಈಗ ಹೊರಗೆ ಹೋಗಿ ನಿಂತ್ಕೋ" ಅಂದರು. ಅವಳು ಅಂಗಳದ ಮಳೆಯಲ್ಲಿ ಎರಡು ನಿಮಿಷ ನಿಂತು ಬಂದಳು. ಕಂಬಳಿಯ ಮೇಲೆ ಹನಿ ಕೂತಿತ್ತು, ಒಳಗೆ ಕೂದಲು ಒಣಗಿಯೇ ಇತ್ತು. ಆ ಪದ ಅವಳು ಇನ್ನು ಮರೆಯುವುದಿಲ್ಲ.

ಹಾಗೆಯೇ ಮುಂದೆ ಸಾಗಿತು. ಬೈಸಿಕಲ್ಲು ಊರಿಗೆ ಬಂದು ಜನರ ಬಾಯಲ್ಲಿ ಬೀಸೆಕಲ್ಲು ಆಗುವಲ್ಲಿ ಮೂವರೂ ನಕ್ಕು ನಕ್ಕು ಸುಸ್ತಾದೆವು. ಮೇಗರವಳ್ಳಿ ಬಂದಾಗ "ಆಗುಂಬೆ ಬಸ್ಸಲ್ಲಿ ಹೋಗುವಾಗ ಸಿಗುತ್ತಲ್ಲ ಅದೇನಾ?" ಅಂದಳು. ಅದೇ. ನಾವು ಓದುವ ಕಾಡಿನ ಹೊಳೆಯ ಸದ್ದು ನಮ್ಮ ಹಿತ್ತಲಿಗೂ ಕೇಳುತ್ತಿತ್ತು. ಮೈಸೂರಿನ ರಂಗಾಯಣ 2010ರಲ್ಲಿ ಈ ಕಾದಂಬರಿಯನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿತ್ತು. ಅದನ್ನು ಯಾಕೆ ರಾತ್ರಿಯಿಡೀ ಆಡಿದರು ಅಂತ ನನಗೆ ಈ ಜೂನಿನಲ್ಲಿ ಚೆನ್ನಾಗಿ ತಿಳಿಯಿತು. ನಾಲ್ಕೈದು ಜನ ಕೂಡಿ, ಸಮಯದ ಲೆಕ್ಕ ಬಿಟ್ಟು ಒಳಗೆ ಇಳಿಯಬೇಕಾದ ಪುಸ್ತಕ ಅದು.

ಒಬ್ಬರೇ ಓದುವುದಾದರೆ, ಕುವೆಂಪು ಅವರ ಕಡೆಗೆ ಕಾನೂರಿನ ಬಾಗಿಲಿಂದಲೇ ಬನ್ನಿ. ಮನೆಯಲ್ಲಿ ಹಳಬರು ಒಬ್ಬರಿದ್ದರೆ, ಹೊರಗೆ ಮಳೆ ಇದ್ದರೆ, ನೇರ ಮದುಮಗಳಿಗೇ ಹೋಗಿ.

ಅವಳು ಹೊರಡುವ ಹಿಂದಿನ ಸಂಜೆ ಇನ್ನು ಕೆಲವೇ ಪುಟ ಉಳಿದಿದ್ದವು. ಕತೆ ತುಂಗೆಯ ದಡಕ್ಕೆ ಬಂದಿತ್ತು. ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿದೆ, ಗುತ್ತಿ, ತಿಮ್ಮಿ ದಾಟಬೇಕು, ಜೊತೆಗೆ ಹುಲಿಯ. ಮುಂದೇನು ಅಂತ ನನಗೆ ಗೊತ್ತು. ಅಮ್ಮನಿಗೂ ಗೊತ್ತು, ಅವರು ಹಿಂದೆ ಇದನ್ನು ಓದಿದ್ದರು. ಹುಡುಗಿಗೆ ಗೊತ್ತಿಲ್ಲ. ಅವಳು ಪುಟ ತಿರುಗಿಸುವಾಗ ಅಮ್ಮ ಕೈ ಚಾಚಿ ಪುಸ್ತಕದ ಮೇಲೆ ಇಟ್ಟರು.

"ಇವತ್ತು ಹೊಳೆ ದಾಟೋದು ಬೇಡ ಪುಟ್ಟಿ" ಅಂದರು. "ಹುಲಿಯ ಇನ್ನೊಂದು ರಾತ್ರಿ ಇರ್ಲಿ."

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಏನೂ ಕೇಳದೆ, ಪುಟದ ನಡುವೆ ಒಂದು ವೀಳ್ಯದೆಲೆ ಇಟ್ಟು ಪುಸ್ತಕ ಮುಚ್ಚಿದಳು.